ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ಹೆಡ್ ಕೋಚ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳು ಈಗ ಅಪರೂಪವೇನಲ್ಲ. ಆ ಮಕ್ಕಳ ಅಪ್ಪ ಅಮ್ಮಂದಿರು, ಇಲ್ಲಿನ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು, ಟಿವಿಯಲ್ಲಿ ಒಂದು ಮ್ಯಾಚ್ ನೋಡಿ ಕುತೂಹಲ ಹುಟ್ಟಿದವರು ಕೇಳುತ್ತಲೇ ಬಂದ ಪ್ರಶ್ನೆಗಳಿವು. ಮಾತು ಅವರದೇ ಇಟ್ಟಿದ್ದೇವೆ. 2018ರಿಂದೀಚೆಗೆ ನಿಯಮಗಳು ಬಹಳ ಬದಲಾಗಿವೆ, ಹಾಗಾಗಿ ಅಗತ್ಯವಿದ್ದಲ್ಲಿ ವರ್ಷವನ್ನೂ ಹೇಳಿದ್ದೇವೆ.

## ಮೊದಲು ತಿಳಿಯಬೇಕಾದ್ದು

ಹೆಡ್ ಕೋಚ್ ಅಂದ್ರೆ ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರ ತರಹಾನಾ?

ಅಲ್ಲ. ನಮ್ಮಲ್ಲಿ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿಗೂ ವಾಲಿಬಾಲಿಗೂ ಅಥ್ಲೆಟಿಕ್ಸಿಗೂ ತಂಡ ಕಟ್ಟುತ್ತಾರೆ. ಅಲ್ಲಿ ಒಂದು ಆಟಕ್ಕೆ ಒಬ್ಬ ಹೆಡ್ ಕೋಚ್. ಆಟಗಾರ್ತಿಯರನ್ನು ಹುಡುಕುವುದು, ಸ್ಕಾಲರ್‌ಶಿಪ್ ಹಂಚುವುದು, ವೇಳಾಪಟ್ಟಿ ಹಾಕುವುದು, ಬಸ್ಸು ಮತ್ತು ಹೋಟೆಲಿನ ಬಜೆಟ್ಟು, ಸಹಾಯಕ ಕೋಚ್‌ಗಳ ನೇಮಕ, ಹುಡುಗಿಯರ ಓದಿನ ಲೆಕ್ಕ, ದಾನಿಗಳ ಜೊತೆ ಊಟ, ಎಲ್ಲವೂ ಅವರ ತಲೆಯ ಮೇಲೆ. ಮೈದಾನದಲ್ಲಿ ನಿಂತು ಕಲಿಸುವುದು ಇಷ್ಟೆಲ್ಲದರ ನಡುವೆ ಉಳಿದ ಹೊತ್ತಿನಲ್ಲಿ. ಈ ಕೆಲಸಕ್ಕೆ ಬಂದವರಲ್ಲಿ ಅನೇಕರಿಗೆ ಮೊದಲ ವರ್ಷ ಬಡಿಯುವ ಆಘಾತವೇ ಇದು: ಆಟ ಕಲಿಸೋಣ ಎಂದು ಬಂದರೆ ದಿನದ ಅರ್ಧ ಫೋನಿನಲ್ಲೇ ಹೋಗುತ್ತದೆ.

ಸಾಫ್ಟ್‌ಬಾಲ್ ಅಂತಾರೆ, ಚೆಂಡು ಮೆತ್ತಗಿರುತ್ತಾ?

ಹೆಸರು ನಂಬಬೇಡಿ. 1887ರಲ್ಲಿ ಶಿಕಾಗೋದಲ್ಲಿ ಒಳಾಂಗಣ ಆಟವಾಗಿ ಹುಟ್ಟಿದಾಗ ಚೆಂಡು ಮೆತ್ತಗಿತ್ತು, ಹೆಸರು ಆಮೇಲೆ ಅಂಟಿಕೊಂಡು ಉಳಿಯಿತು. ಈಗಿನ ಕಾಲೇಜು ಚೆಂಡಿನ ಸುತ್ತಳತೆ 12 ಇಂಚು, ತೂಕ ಸುಮಾರು 180ರಿಂದ 200 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು, ಬಿದ್ದರೆ ಅಷ್ಟೇ ಗಟ್ಟಿ. ಪಿಚರ್ ಕೈ ಕೆಳಗಿನಿಂದ ಬೀಸಿ ಎಸೆಯುತ್ತಾಳೆ, ದೂರ 43 ಅಡಿ. ನಮ್ಮ ಕ್ರಿಕೆಟ್ ಪಿಚ್ 66 ಅಡಿ ಎಂಬುದನ್ನು ನೆನೆಸಿಕೊಳ್ಳಿ. ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್ ವೇಗದ ಎಸೆತ ಬ್ಯಾಟರ್ ತಲುಪಲು 0.4 ಸೆಕೆಂಡಿಗೂ ಕಡಿಮೆ ಸಾಕು. ರನ್ ಗಳಿಸಲು ಒಂದೊಂದಾಗಿ ಮುಟ್ಟಿ ಓಡುವ ಬೇಸುಗಳ ನಡುವೆ 60 ಅಡಿ, ಆಟ 7 ಇನ್ನಿಂಗ್ಸ್. 5 ಇನ್ನಿಂಗ್ಸ್ ಆದ ಮೇಲೆ 8 ರನ್ ಅಂತರವಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ.

ಡಿವಿಷನ್ 1, 2, 3 ಅಂತಾರಲ್ಲ, ಕೋಚ್‌ಗೆ ಅದರಿಂದ ಏನು ವ್ಯತ್ಯಾಸ?

ಹಣ, ಸಿಬ್ಬಂದಿ, ಒತ್ತಡ, ಮೂರೂ ಬದಲಾಗುತ್ತವೆ. ಕಾಲೇಜು ಕ್ರೀಡೆಗಳ ದೊಡ್ಡ ಒಕ್ಕೂಟವಾದ ಎನ್‌ಸಿಎಎಯ ಡಿವಿಷನ್ 1ರಲ್ಲಿ ಸುಮಾರು 300 ಕಾಲೇಜುಗಳು ಸಾಫ್ಟ್‌ಬಾಲ್ ಆಡುತ್ತವೆ. ಅಲ್ಲಿ ಹೆಡ್ ಕೋಚ್ ಜೊತೆಗೆ ಸಂಬಳದ ಸಹಾಯಕರು ಮೂವರಿರಬಹುದು. 2023ರ ಜುಲೈವರೆಗೆ ಇಬ್ಬರೇ ಇದ್ದರು, ಮೂರನೆಯವರು ಸಂಬಳವಿಲ್ಲದ ಸ್ವಯಂಸೇವಕರು. ಡಿವಿಷನ್ 2ರಲ್ಲಿ ಸ್ಕಾಲರ್‌ಶಿಪ್ ಕಡಿಮೆ. ಡಿವಿಷನ್ 3ರಲ್ಲಿ ಆಟದ ಹೆಸರಿನಲ್ಲಿ ಒಂದು ಡಾಲರೂ ಕೊಡುವಂತಿಲ್ಲ. ಇವುಗಳ ಹೊರಗೆ ಎರಡು ವರ್ಷದ ಜೂನಿಯರ್ ಕಾಲೇಜುಗಳು, ಎನ್‌ಎಐಎ ಎಂಬ ಬೇರೆ ಒಕ್ಕೂಟ. ಸಣ್ಣ ಕಾಲೇಜಿನ ಕೋಚ್ ಒಂದು ತರಗತಿಗೂ ಪಾಠ ಹೇಳಿ, ಸಂಜೆ ಮಿನಿ ಬಸ್ಸನ್ನು ತಾವೇ ಓಡಿಸಿ, ರಾತ್ರಿ ಜೆರ್ಸಿ ಒಗೆಯಲು ಹಾಕುವುದು ಈಗಲೂ ಇದೆ.

ಆಟ ನಡೆಯೋದು ಫೆಬ್ರವರಿಯಿಂದ ಮೇವರೆಗೆ ತಾನೇ? ಉಳಿದ ತಿಂಗಳು ಏನು ಮಾಡ್ತಾರೆ?

ಆಗಸ್ಟ್ ಕೊನೆಗೆ ಕಾಲೇಜು ಶುರು. ಸೆಪ್ಟೆಂಬರ್‌ನಿಂದ ಶರತ್ಕಾಲದ ಅಭ್ಯಾಸ, ನಡುವೆ ಕೆಲವು ಲೆಕ್ಕಕ್ಕಿಲ್ಲದ ಮ್ಯಾಚುಗಳು. ಡಿಸೆಂಬರ್‌ನಲ್ಲಿ ಪರೀಕ್ಷೆ ಮತ್ತು ಕೋಚ್‌ಗಳ ರಾಷ್ಟ್ರೀಯ ಸಮಾವೇಶ. ಜನವರಿಯಲ್ಲಿ ಮತ್ತೆ ಅಭ್ಯಾಸ, ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಮೊದಲ ಮ್ಯಾಚು. ಮೇ ಮಧ್ಯದೊಳಗೆ ಹೆಚ್ಚೆಂದರೆ 56 ಮ್ಯಾಚು, ಆಮೇಲೆ ರಾಷ್ಟ್ರೀಯ ಟೂರ್ನಮೆಂಟು. ಜೂನ್, ಜುಲೈ ಬಿಡುವು ಎಂದುಕೊಂಡರೆ ತಪ್ಪು. ಹುಡುಗಿಯರನ್ನು ಹುಡುಕಲು ಬಿಸಿಲಲ್ಲಿ ಮೈದಾನದಿಂದ ಮೈದಾನಕ್ಕೆ ಅಲೆಯುವ ತಿಂಗಳುಗಳೇ ಅವು.

ಮಿಶಿಗನ್, ಮಿನೆಸೋಟಾದಂಥ ಉತ್ತರದ ತಂಡಗಳಿಗೆ ಇನ್ನೊಂದು ಕಷ್ಟ. ಫೆಬ್ರವರಿಯಲ್ಲಿ ಮನೆಯ ಮೈದಾನ ಹಿಮದಡಿ ಇರುತ್ತದೆ. ಮೊದಲ ನಾಲ್ಕೈದು ವಾರ ಗುರುವಾರ ವಿಮಾನ ಹತ್ತಿ ಫ್ಲೋರಿಡಾ, ಅರಿಝೋನಾ, ಕ್ಯಾಲಿಫೋರ್ನಿಯಾ ಕಡೆ ಹೋಗಿ, ವಾರಾಂತ್ಯದಲ್ಲಿ ಐದು ಮ್ಯಾಚು ಆಡಿ, ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಕೂರಬೇಕು. 2005ರಲ್ಲಿ ಮಿಶಿಗನ್ ಗೆಲ್ಲುವವರೆಗೆ ಮಿಸಿಸಿಪಿ ನದಿಯ ಪೂರ್ವದ ಯಾವ ತಂಡಕ್ಕೂ ಎನ್‌ಸಿಎಎ ಡಿವಿಷನ್ 1 ಪಟ್ಟ ಸಿಕ್ಕಿರಲಿಲ್ಲ. ಕಾರಣ ಕೇಳುವವರು ಹವಾಮಾನದ ನಕ್ಷೆ ನೋಡಿದರೆ ಸಾಕು.

## ಈ ಕೆಲಸಕ್ಕೆ ಬರುವ ದಾರಿ

ಹೆಡ್ ಕೋಚ್ ಆಗೋಕೆ ಯಾವ ಡಿಗ್ರಿ, ಯಾವ ಸರ್ಟಿಫಿಕೇಟ್ ಬೇಕು?

ಸರಕಾರಿ ಲೈಸೆನ್ಸ್ ಎಂಬುದಿಲ್ಲ. ಯಾವುದೋ ಒಂದು ಪದವಿ ಕಡ್ಡಾಯ. ಸ್ನಾತಕೋತ್ತರ ಪದವಿ ಇದ್ದರೆ ಅರ್ಜಿ ಮೇಲಕ್ಕೆ ಬರುತ್ತದೆ. ಸಾಮಾನ್ಯ ದಾರಿ ಹೀಗಿದೆ: ನಾಲ್ಕು ವರ್ಷ ಕಾಲೇಜಿಗೆ ಆಡುವುದು, ಆಮೇಲೆ ಇನ್ನೊಂದು ಕಾಲೇಜಿನಲ್ಲಿ ಎಂ.ಎ. ಅಥವಾ ಎಂ.ಎಸ್. ಓದುತ್ತ ಗ್ರಾಜುಯೇಟ್ ಅಸಿಸ್ಟೆಂಟ್ ಆಗುವುದು. ಫೀಸು ಮಾಫಿ, ಕೈಗೆ ಸಣ್ಣ ಮೊತ್ತ, ಕೆಲಸ ಮಾತ್ರ ಬೆಟ್ಟದಷ್ಟು. ಅಲ್ಲಿಂದ ಪೂರ್ಣಾವಧಿ ಸಹಾಯಕಿ, ಬಳಿಕ ಹೆಡ್ ಕೋಚ್. ಎನ್‌ಎಫ್‌ಸಿಎ ಎಂಬ ಕೋಚ್‌ಗಳ ಸಂಘ ನಡೆಸುವ ಕೋರ್ಸುಗಳಿವೆ. ಅವುಗಳ ಪಠ್ಯಕ್ಕಿಂತ ಅಲ್ಲಿ ಸಿಗುವ ಪರಿಚಯಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ಗುಟ್ಟೇನಲ್ಲ.

ಸಹಾಯಕಿಯಾಗಿ ಎಷ್ಟು ವರ್ಷ ಕಾಯಬೇಕು? ಸಣ್ಣ ಕಾಲೇಜಿಗೆ ಹೋದ್ರೆ ಅಲ್ಲೇ ಉಳಿದುಬಿಡ್ತೀವಾ?

ಎರಡು ದಾರಿ. ಒಂದು, ದೊಡ್ಡ ತಂಡದಲ್ಲಿ ಸಹಾಯಕಿಯಾಗಿಯೇ ಇದ್ದು ಸರದಿ ಕಾಯುವುದು. ಕೆಲ್ಲಿ ಇನೊಯೆ ಪೆರೆಝ್ ಯುಸಿಎಲ್‌ಎ ವಿಶ್ವವಿದ್ಯಾಲಯದ ಪರ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವವಳು) ಆಗಿದ್ದವರು, ಅಲ್ಲೇ ವರ್ಷಗಟ್ಟಲೆ ಸಹಾಯಕಿಯಾಗಿದ್ದು 2007ರಲ್ಲಿ ಹೆಡ್ ಕೋಚ್ ಆದರು. ಮಿಶಿಗನ್‌ನಲ್ಲಿ ಬಾನಿ ಥೋಲ್ ಮೂರು ದಶಕದ ಹತ್ತಿರ ಕಾದು 2022ರಲ್ಲಿ ಆ ಕುರ್ಚಿಯಲ್ಲಿ ಕೂತರು.

ಇನ್ನೊಂದು, ಸಣ್ಣ ಕಡೆ ಹೋಗಿ ಬೇಗ ಹೆಡ್ ಕೋಚ್ ಆಗುವುದು. ಮೈಕ್ ಕ್ಯಾಂಡ್ರಿಯಾ ಸೆಂಟ್ರಲ್ ಅರಿಝೋನಾ ಎಂಬ ಜೂನಿಯರ್ ಕಾಲೇಜಿನಿಂದ ಅರಿಝೋನಾ ವಿಶ್ವವಿದ್ಯಾಲಯಕ್ಕೆ ಬಂದವರು. ಪ್ಯಾಟಿ ಗ್ಯಾಸೊ ಲಾಂಗ್ ಬೀಚ್ ಸಿಟಿ ಕಾಲೇಜಿನಿಂದ 1995ರ ಋತುವಿಗೆ ಓಕ್ಲಹೋಮಾಕ್ಕೆ ಹೋದವರು. ಅಲ್ಲಿ ಆಗ ತಂಡಕ್ಕೆ ಸ್ವಂತ ಮೈದಾನವೂ ಇರಲಿಲ್ಲ, ಊರಿನ ಪಾರ್ಕಿನಲ್ಲಿ ಆಡುತ್ತಿದ್ದರು. ಇಬ್ಬರೂ ಎಂಟೆಂಟು ರಾಷ್ಟ್ರೀಯ ಪಟ್ಟ ಗೆದ್ದರು. ನಮ್ಮನ್ನು ಕೇಳಿದರೆ ಎರಡನೇ ದಾರಿ ಮೇಲು. ಸಹಾಯಕಿ ಸಲಹೆ ಕೊಡುತ್ತಾಳೆ, ಹೆಡ್ ಕೋಚ್ ತೀರ್ಮಾನ ಮಾಡುತ್ತಾಳೆ. ತೀರ್ಮಾನ ತಪ್ಪಿ ಪೆಟ್ಟು ತಿನ್ನುವ ಅಭ್ಯಾಸ ಟಿವಿ ಕ್ಯಾಮೆರಾ ಇಲ್ಲದ ಕಡೆ ಆಗುವುದೇ ಒಳ್ಳೆಯದು.

ಹುಡುಗಿಯರ ಆಟಕ್ಕೆ ಗಂಡಸರು ಕೋಚ್ ಆಗಬಹುದಾ? ತಾನು ಆಡದೇ ಇದ್ದವರು?

ಆಗಬಹುದು, ಆಗಿದ್ದಾರೆ. ಕ್ಯಾಂಡ್ರಿಯಾ ಬೇಸ್‌ಬಾಲ್ ಹಿನ್ನೆಲೆಯವರು. 2025ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಮೊದಲ ಪಟ್ಟ ತಂದ ಮೈಕ್ ವೈಟ್ ನ್ಯೂಜಿಲೆಂಡಿನವರು, ಗಂಡಸರ ಸಾಫ್ಟ್‌ಬಾಲ್‌ನಲ್ಲಿ ಹೆಸರಾಂತ ಪಿಚರ್. ಇಲ್ಲಿ ಒಂದು ಕಹಿಯೂ ಇದೆ. ಶಿಕ್ಷಣ ಸಂಸ್ಥೆಗಳಲ್ಲಿ ಗಂಡು ಹೆಣ್ಣು ಭೇದ ತಡೆಯುವ 1972ರ ಟೈಟಲ್ 9 ಕಾನೂನು ಬರುವ ಮುಂಚೆ ಮಹಿಳಾ ಕ್ರೀಡೆಗಳ ಕೋಚ್‌ಗಳಲ್ಲಿ 90 ಶೇಕಡಕ್ಕೂ ಹೆಚ್ಚು ಹೆಂಗಸರೇ ಇದ್ದರು. ಕಾನೂನಿನಿಂದ ಆಟಗಳಿಗೆ ಹಣ ಬಂತು, ಹಣ ಬಂದ ಮೇಲೆ ಗಂಡಸರೂ ಬಂದರು, ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಸಾಫ್ಟ್‌ಬಾಲ್ ಮಾತ್ರ ಉಳಿದ ಆಟಗಳಿಗಿಂತ ವಾಸಿ.

ಬೇಸ್‌ಬಾಲ್‌ಗೆ ಇರೋ ಸೌಲಭ್ಯ ಇವರಿಗೂ ಸಿಗುತ್ತಾ?

ಕಾನೂನಿನ ಪ್ರಕಾರ ಸಿಗಬೇಕು. ಲಾಕರ್ ಕೋಣೆ, ಪ್ರಯಾಣ, ಮೈದಾನದ ದೀಪ, ವೈದ್ಯಕೀಯ ನೆರವು, ಇವುಗಳಲ್ಲಿ ಗಂಡು ಹೆಣ್ಣು ಭೇದ ಕೂಡದು ಎಂದೇ ಟೈಟಲ್ 9 ಹೇಳುತ್ತದೆ. ವಾಸ್ತವದಲ್ಲಿ ಕೋಚ್ ಕೇಳಿ, ಮತ್ತೆ ಕೇಳಿ, ಪಡೆಯಬೇಕು. ಮಿಶಿಗನ್‌ನ ಹೆಡ್ ಕೋಚ್ ಆಗಿದ್ದ ಕ್ಯಾರಲ್ ಹಚಿನ್ಸ್ ತಾವು ಮಿಶಿಗನ್ ಸ್ಟೇಟ್‌ನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಾಗಲೇ, 1979ರಲ್ಲಿ, ಈ ವಿಷಯಕ್ಕೆ ಕೋರ್ಟಿಗೆ ಹೋದವರಲ್ಲಿ ಒಬ್ಬರು. ಕೋಚ್‌ಗಳಿಗೆ ನಮ್ಮ ಸಲಹೆ ಇಷ್ಟೇ: ಬೇಸ್‌ಬಾಲ್ ತಂಡದ ಹೋಟೆಲು, ಊಟದ ಭತ್ಯೆ, ಬಸ್ಸಿನ ದರ್ಜೆಯ ಒಂದು ಪಟ್ಟಿ ಮಾಡಿ, ಪಕ್ಕದಲ್ಲಿ ನಿಮ್ಮದು ಬರೆದು, ಬಜೆಟ್ ಸಭೆಗೆ ಆ ಹಾಳೆ ಒಯ್ಯಿರಿ. ಬಾಯಿಮಾತಿನ ದೂರಿಗಿಂತ ಆ ಎರಡು ಕಾಲಂ ಗಟ್ಟಿ.

ಸಂಬಳ ಎಷ್ಟು ಬರುತ್ತೆ?

ಸಣ್ಣ ಕಾಲೇಜಿನಲ್ಲಿ ಅಲ್ಲಿನ ಶಾಲಾ ಶಿಕ್ಷಕರ ಆಸುಪಾಸು. ತುದಿಯಲ್ಲಿ ಗ್ಯಾಸೊ ಅಂಥವರ ವರ್ಷದ ಗಳಿಕೆ 10 ಲಕ್ಷ ಡಾಲರ್ ದಾಟಿದೆ. ನಡುವಿನವರ ಒಪ್ಪಂದದಲ್ಲಿ ಮೂಲ ಸಂಬಳದ ಜೊತೆಗೆ ಟೂರ್ನಮೆಂಟ್ ಬೋನಸ್, ಕಾರು ಭತ್ಯೆ, ಬೇಸಿಗೆ ಶಿಬಿರದ ಆದಾಯ ಸೇರಿರುತ್ತದೆ. ಒಪ್ಪಂದ ಓದುವಾಗ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು, ಅವಧಿಗೆ ಮುಂಚೆ ತೆಗೆದರೆ ಕಾಲೇಜು ಎಷ್ಟು ಕೊಡಬೇಕು, ತಾವೇ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಸಾಲುಗಳನ್ನು.

## ತಂಡ ಕಟ್ಟುವುದು

ಆಟಗಾರ್ತಿಯರನ್ನು ಎಲ್ಲಿಂದ ಹುಡುಕ್ತಾರೆ? ಹೈಸ್ಕೂಲ್ ಮ್ಯಾಚ್ ನೋಡ್ತಾರಾ?

ಕಡಿಮೆ. ಹೈಸ್ಕೂಲ್ ಋತುವೂ ಕಾಲೇಜು ಋತುವೂ ಒಂದೇ ಹೊತ್ತಿಗೆ ಬರುತ್ತವೆ, ಕೋಚ್‌ಗೆ ಬಿಡುವಿರುವುದಿಲ್ಲ. ಬೇಸಿಗೆಯ ಕ್ಲಬ್ ಟೂರ್ನಮೆಂಟುಗಳೇ ನಿಜವಾದ ಸಂತೆ. ಕೊಲರಾಡೋ, ದಕ್ಷಿಣ ಕ್ಯಾಲಿಫೋರ್ನಿಯಾದ ಕೂಟಗಳಲ್ಲಿ ಹತ್ತಾರು ಮೈದಾನದಲ್ಲಿ ಬೆಳಗಿನಿಂದ ರಾತ್ರಿವರೆಗೆ ಆಟ. ಬೇಲಿಯಾಚೆ ಮಡಚುವ ಕುರ್ಚಿ ಹಾಕಿಕೊಂಡು, ಕಾಲೇಜಿನ ಲಾಂಛನದ ಟೊಪ್ಪಿ ತೊಟ್ಟು ಸಾಲಾಗಿ ಕೂತವರೆಲ್ಲ ಕೋಚ್‌ಗಳೇ.

ಕೈಯಲ್ಲಿ ಸ್ಟಾಪ್‌ವಾಚು, ರೇಡಾರ್ ಗನ್ನು. ಪಿಚರ್‌ನ ವೇಗ ಅಳೆಯುತ್ತಾರೆ. ಕ್ಯಾಚರ್‌ನ ಕೈಗೆ ಚೆಂಡು ತಾಕಿದ ಕ್ಷಣದಿಂದ ಎರಡನೇ ಬೇಸಿನಲ್ಲಿ ಕೈಗವಸು ಸೇರುವವರೆಗಿನ ಹೊತ್ತು ಅಳೆಯುತ್ತಾರೆ, 1.8 ಸೆಕೆಂಡಿನ ಆಸುಪಾಸಿದ್ದರೆ ಹೆಸರಿನ ಮುಂದೆ ಗುರುತು ಬೀಳುತ್ತದೆ. ಎಡಗೈ ಬ್ಯಾಟರ್ ಓಡುತ್ತಲೇ ಚೆಂಡು ತಟ್ಟಿ ಮೊದಲ ಬೇಸಿಗೆ ಎಷ್ಟು ಬೇಗ ಮುಟ್ಟಿದಳು ಎಂಬುದೂ ಬೇಕು. ಗಡಿಯಾರದಲ್ಲಿ ಬರದ ಸಂಗತಿಗಳೂ ಇವೆ. ಮೂರು ಸ್ಟ್ರೈಕಿಗೆ ಔಟಾಗಿ ಬಂದವಳು ಹೆಲ್ಮೆಟ್ ಎಸೆದಳೇ, ಇಟ್ಟಳೇ? ಬೆಂಚಿನಲ್ಲಿದ್ದಾಗ ಆಟ ನೋಡುತ್ತಾಳೋ, ಫೋನೋ? ಬ್ಯಾಗು ತಾನೇ ಹೊರುತ್ತಾಳೋ, ಅಪ್ಪನಿಗೆ ಕೊಡುತ್ತಾಳೋ? ಕೊನೆಯದು ತಮಾಷೆ ಅನಿಸಬಹುದು, ಆದರೆ ಕೋಚ್‌ಗಳು ನಿಜಕ್ಕೂ ನೋಡುತ್ತಾರೆ.

ನಮ್ಮ ಮಗಳು ಎಂಟನೇ ಕ್ಲಾಸು. ಹತ್ತು ಕಾಲೇಜಿನ ಕೋಚ್‌ಗೆ ಇಮೇಲ್ ಹಾಕಿದ್ವಿ, ಒಬ್ಬರೂ ಉತ್ತರ ಕೊಡಲಿಲ್ಲ. ಸೊಕ್ಕಾ?

ಸೊಕ್ಕಲ್ಲ, ನಿಯಮ. ಡಿವಿಷನ್ 1ರಲ್ಲಿ ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಕೋಚ್ ಹುಡುಗಿಯ ಜೊತೆಗಾಗಲಿ ಮನೆಯವರ ಜೊತೆಗಾಗಲಿ ಆಯ್ಕೆಯ ಮಾತು ಆಡುವಂತಿಲ್ಲ. ಅದಕ್ಕೂ ಮುಂಚೆ ಕಳಿಸಬಹುದಾದ್ದು ಶಿಬಿರದ ಮಾಹಿತಿ, ಪ್ರಶ್ನಾವಳಿಯಂಥವು ಮಾತ್ರ. ಮೊದಲೆಲ್ಲ ಎಂಟನೇ ತರಗತಿ ಮಕ್ಕಳೇ ಬಾಯಿಮಾತಿನಲ್ಲಿ ಕಾಲೇಜು ಒಪ್ಪಿಕೊಳ್ಳುತ್ತಿದ್ದರು. ಅದು ಮಿತಿಮೀರಿದ್ದರಿಂದ ಕೋಚ್‌ಗಳೇ ಈ ತಡೆ ಬೇಕೆಂದರು.

ಉತ್ತರ ಬರದಿದ್ದರೂ ಇಮೇಲು ಓದುತ್ತಾರೆ. ಬರೆಯುವುದು ಮಗಳೇ ಆಗಿರಲಿ, ನೀವಲ್ಲ. ವಿಷಯದ ಸಾಲಿನಲ್ಲಿ ಹೈಸ್ಕೂಲ್ ಮುಗಿಸುವ ವರ್ಷ, ಆಡುವ ಸ್ಥಾನ, ಎಡವೋ ಬಲವೋ, ಕ್ಲಬ್ಬಿನ ಹೆಸರು ಇರಲಿ. ಒಳಗೆ ಅಂಕಗಳ ಸರಾಸರಿ, ಮುಂದಿನ ಟೂರ್ನಮೆಂಟಿನ ಮೈದಾನದ ಸಂಖ್ಯೆ ಮತ್ತು ಸಮಯ, ಜೆರ್ಸಿ ಸಂಖ್ಯೆ. ವಿಡಿಯೋ ಎರಡು ಮೂರು ನಿಮಿಷ ಸಾಕು. ಹಿನ್ನೆಲೆ ಹಾಡು, ನಿಧಾನಗತಿ ಬೇಡ. ಕೋಚ್‌ಗೆ ಬೇಕಾದ್ದೇ ನಿಜವಾದ ವೇಗ, ನಿಧಾನಗತಿಯಲ್ಲಿ ಅದೇ ಕಾಣೆಯಾಗುತ್ತದೆ. ಟೂರ್ನಮೆಂಟಿಗೆ ಒಂದು ವಾರ ಮುಂಚೆ ಕಳಿಸಿ, ಹಿಂದಿನ ರಾತ್ರಿ ಅಲ್ಲ.

ಸ್ಕಾಲರ್‌ಶಿಪ್ ಸಿಕ್ತು ಅಂದ್ರೆ ಪೂರ್ತಿ ಫೀಸು ಫ್ರೀನಾ?

ಸಾಮಾನ್ಯವಾಗಿ ಅಲ್ಲ. ಬಹಳ ವರ್ಷ ಡಿವಿಷನ್ 1 ಸಾಫ್ಟ್‌ಬಾಲ್ ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್‌ನಷ್ಟು ಹಣ ಮಾತ್ರ ಕೊಡಬಹುದಿತ್ತು, ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು. ಹನ್ನೆರಡು ರೊಟ್ಟಿಯನ್ನು ಇಪ್ಪತ್ತೆರಡು ತಟ್ಟೆಗೆ ಹಾಕಿದ ಹಾಗೆ. ಮುಖ್ಯ ಪಿಚರ್‌ಗೆ 100 ಶೇಕಡ, ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ 70, ಬದಲಿ ಆಟಗಾರ್ತಿಗೆ ಪುಸ್ತಕದ ಖರ್ಚು, ಹೀಗೆ ಹಂಚಿಕೆ. ಡಿವಿಷನ್ 2ರಲ್ಲಿ ಮಿತಿ 7.2.

ಆಟಗಾರರು ಎನ್‌ಸಿಎಎ ಮೇಲೆ ಹೂಡಿದ ದಾವೆಯಲ್ಲಿ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ‘ಹೌಸ್’ ರಾಜಿಯಿಂದ ಲೆಕ್ಕ ಬದಲಾಗಿದೆ. ಆ ರಾಜಿಗೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್‌ಗೆ ಮಿತಿ ಇಲ್ಲ, ತಂಡದ ಗಾತ್ರಕ್ಕೆ ಮಿತಿ: 25 ಮಂದಿ. ಕಾಗದದ ಮೇಲೆ ಎಲ್ಲ 25 ಮಂದಿಗೂ ಪೂರ್ತಿ ಕೊಡಬಹುದು. ಕೊಡುವಷ್ಟು ದುಡ್ಡು ಎಲ್ಲರ ಹತ್ತಿರ ಇಲ್ಲ. ಹಾಗಾಗಿ ಕೋಚ್‌ನ ಬಾಯಿಂದ ‘ಸ್ಕಾಲರ್‌ಶಿಪ್ ಇದೆ’ ಎಂದು ಕೇಳಿದರೆ ಮೂರು ಕೇಳಿ: ಒಟ್ಟು ಖರ್ಚಿನ ಶೇಕಡ ಎಷ್ಟು, ಎಷ್ಟು ವರ್ಷಕ್ಕೆ, ಗಾಯವಾದರೆ ಏನು? ಉತ್ತರ ಬರಹದಲ್ಲಿ ಬರಲಿ.

ಟ್ರಾನ್ಸ್‌ಫರ್ ಪೋರ್ಟಲ್, ಎನ್‌ಐಎಲ್ ಅಂತ ಗಲಾಟೆ ಕೇಳ್ತೀವಿ. ಕೋಚ್‌ಗೆ ಇದರಿಂದ ಒಳ್ಳೇದೋ ಕೆಟ್ಟದ್ದೋ?

ಪೋರ್ಟಲ್ ಎಂದರೆ ಕಾಲೇಜು ಬದಲಿಸಲು ಇಚ್ಛಿಸುವವರ ಹೆಸರು ಸೇರುವ ಪಟ್ಟಿ, 2018ರ ಅಕ್ಟೋಬರ್‌ನಿಂದ ಇದೆ. 2024ರಿಂದ ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಿ ತಕ್ಷಣ ಆಡಬಹುದು. ಎನ್‌ಐಎಲ್ ಎಂದರೆ ತನ್ನ ಹೆಸರು, ಮುಖದಿಂದ ಹಣ ಗಳಿಸುವ ಹಕ್ಕು, 2021ರ ಜುಲೈ 1ರಿಂದ ಜಾರಿ. 2024ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಾಸ್ ಟೆಕ್‌ಗೆ ಹೋದ ಪಿಚರ್ ನಿಜಾರಿ ಕ್ಯಾನಡಿಗೆ ಹತ್ತು ಲಕ್ಷ ಡಾಲರ್ ದಾಟಿದ ಒಪ್ಪಂದ ಸಿಕ್ಕಿತು. ಮರುವರ್ಷವೇ ಆ ತಂಡ ಫೈನಲ್ ತಲುಪಿತು.

ಕೆಲಸ ಎರಡರಷ್ಟಾಗಿದೆ ಎಂಬುದು ಖಚಿತ. ಮೊದಲು ವರ್ಷಕ್ಕೆ ಐದಾರು ಹೈಸ್ಕೂಲ್ ಹುಡುಗಿಯರನ್ನು ಹುಡುಕಿದರೆ ಸಾಕಿತ್ತು. ಈಗ ಜೂನ್ ಬಂತೆಂದರೆ ಇರುವವರಲ್ಲಿ ಯಾರು ಉಳಿಯುತ್ತಾರೆ ಎಂದು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಕು. ಚೆನ್ನಾಗಿ ಕಲಿಸಿ ಬೆಳೆಸಿದ ಸಣ್ಣ ಕಾಲೇಜಿನ ಕೋಚ್ ಮೂರನೇ ವರ್ಷಕ್ಕೆ ತನ್ನ ಪಿಚರ್‌ನನ್ನು ದೊಡ್ಡ ಕಾಲೇಜಿಗೆ ಬಿಟ್ಟುಕೊಡಬೇಕಾಗುತ್ತದೆ. ಹುಡುಗಿಯರಿಗೆ ಇದು ನ್ಯಾಯವೇ. ಕೋಚ್‌ಗಳು ನಿಯಮವೇ ಇಲ್ಲದೆ ಕೆಲಸ ಬದಲಿಸುತ್ತಿದ್ದಾಗ ಯಾರೂ ಗಲಾಟೆ ಮಾಡಿರಲಿಲ್ಲ.

## ಮೈದಾನದ ಮೇಲೆ

ದಿನಕ್ಕೆ ಎಷ್ಟು ಗಂಟೆ ಪ್ರಾಕ್ಟೀಸ್? ಏನೇನು ಮಾಡಿಸ್ತಾರೆ?

ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ, ವಾರಕ್ಕೊಂದು ದಿನ ಪೂರ್ತಿ ರಜೆ. ಮ್ಯಾಚ್ ದಿನ ಎಷ್ಟೇ ಹೊತ್ತಾದರೂ 3 ಗಂಟೆ ಎಂದೇ ಲೆಕ್ಕ. ಋತುವಿನ ಹೊರಗೆ ವಾರಕ್ಕೆ 8 ಗಂಟೆ. ಸೋತ ಸಿಟ್ಟಿಗೆ ಮ್ಯಾಚ್ ಮುಗಿದ ಮೇಲೆ ಅಭ್ಯಾಸ ಮಾಡಿಸುವಂತಿಲ್ಲ, ಅದು ನಿಯಮಭಂಗ.

ಮಂಗಳವಾರದ ಎರಡೂಮುಕ್ಕಾಲು ಗಂಟೆಯ ಒಂದು ಮಾದರಿ: ಮೈ ಬಿಸಿ ಮಾಡಲು 12 ನಿಮಿಷ, ಎಸೆತಕ್ಕೆ 13, ಮಂಡಿಯೂರಿ ಕೈಗವಸಿನ ಸಣ್ಣ ಕಸರತ್ತು 15, ಬಂಟ್ (ಬೀಸದೆ ಮೆಲ್ಲನೆ ತಟ್ಟಿದ ಚೆಂಡು) ತಡೆ ಮತ್ತು ಮೊದಲ, ಮೂರನೇ ಬೇಸಿನಲ್ಲಿ ಓಟಗಾರ್ತಿಯರಿದ್ದಾಗಿನ ರಕ್ಷಣೆಗೆ 35, ಬ್ಯಾಟಿಂಗ್‌ಗೆ 55, ಸನ್ನಿವೇಶದ ಆಟಕ್ಕೆ 25, ಮೈದಾನ ಸರಿಮಾಡಲು 10. ಬ್ಯಾಟಿಂಗ್‌ನಲ್ಲಿ ನಾಲ್ಕು ಜಾಗ: ಸ್ಟ್ಯಾಂಡಿನ ಮೇಲಿಟ್ಟ ಚೆಂಡು, ಹತ್ತಿರದಿಂದ ತೂರಿದ ಚೆಂಡು, ಯಂತ್ರ, ನಿಜವಾದ ಪಿಚರ್. ಆರಾರು ಹುಡುಗಿಯರ ಗುಂಪು, ತಲಾ 12 ನಿಮಿಷ, ಬದಲಾಗಲು 2 ನಿಮಿಷ. ಹೊಸ ಕೋಚ್‌ಗಳ ಸಾಮಾನ್ಯ ತಪ್ಪು, ಒಬ್ಬಳು ಹೊಡೆಯುವಾಗ ಉಳಿದವರನ್ನೆಲ್ಲ ಮೈದಾನದಲ್ಲಿ ನಿಲ್ಲಿಸುವುದು. ಬೆವರದೆ ನಿಂತವಳು ಏನೂ ಕಲಿಯುವುದಿಲ್ಲ.

ಯಂತ್ರದ ಬಗ್ಗೆ ಒಂದು ಎಚ್ಚರಿಕೆ. ಯಂತ್ರಕ್ಕೆ ತೋಳಿಲ್ಲ, ಹಾಗಾಗಿ ಬ್ಯಾಟರ್‌ಗೆ ಪಿಚರ್‌ನ ಲಯ ನೋಡಿ ಹೊತ್ತು ಹಿಡಿಯುವ ಅಭ್ಯಾಸ ತಪ್ಪುತ್ತದೆ. ಚೆಂಡು ಹಾಕುವವರು ಕೈಯನ್ನು ಒಂದು ಸುತ್ತು ಬೀಸಿ ಆಮೇಲೆ ಚೆಂಡು ಬಿಡಬೇಕು.

ಕೈ ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗಲ್ಲವಂತೆ, ದಿನಾ ಒಬ್ಬಳೇ ಎಸೀಬಹುದಂತೆ. ನಿಜಾನಾ?

ಈ ಆಟದ ಅತಿ ಹಳೆಯ ಮೂಢನಂಬಿಕೆ ಇದು. ಭುಜದ ಮುಂಭಾಗ, ಮುಂಗೈ, ಸೊಂಟ, ಬೆನ್ನಿನ ಕೆಳಭಾಗ, ಎಲ್ಲದರ ಮೇಲೂ ಭಾರ ಬೀಳುತ್ತದೆ. ಎನ್‌ಸಿಎಎಯಲ್ಲಿ ಎಸೆತಗಳ ಸಂಖ್ಯೆಗೆ ಮಿತಿ ಇಲ್ಲ, ಆದ್ದರಿಂದ ಲೆಕ್ಕ ಇಡಬೇಕಾದ್ದು ಕೋಚೇ. ಮ್ಯಾಚಿನ ಎಸೆತ ಮಾತ್ರ ಎಣಿಸಿ ಬುಲ್‌ಪೆನ್ನಿನದು, ಅಂದರೆ ಪಕ್ಕದಲ್ಲಿ ಅಭ್ಯಾಸಕ್ಕೆ ಎಸೆದದ್ದು, ಬಿಟ್ಟರೆ ಲೆಕ್ಕ ಸುಳ್ಳು. ವಾರದ ಒಟ್ಟು ಬರೆದಿಡಿ. ವೇಗ ಎರಡು ಮೂರು ಮೈಲಿ ಇಳಿದರೆ, ಮೇಲೇರಬೇಕಾದ ರೈಸ್ ಬಾಲ್ ಸೊಂಟದ ಮಟ್ಟದಲ್ಲೇ ಚಪ್ಪಟೆಯಾಗಿ ಬಂದರೆ, ಅವಳು ‘ಚೆನ್ನಾಗಿದ್ದೀನಿ ಕೋಚ್’ ಎಂದರೂ ನಂಬಬೇಡಿ.

ಗಾಯ ಬಿಟ್ಟರೂ ತಂತ್ರದ ಕಾರಣ ಇದೆ. ಬ್ಯಾಟರ್‌ಗಳು ಒಬ್ಬಳನ್ನೇ ಮೂರನೇ ಸಲ, ನಾಲ್ಕನೇ ಸಲ ನೋಡಿದಾಗ ಚೆಂಡು ಎಲ್ಲಿಗೆ ಬರುತ್ತದೆಂದು ಅವರಿಗೆ ಅಂದಾಜು ಸಿಕ್ಕಿಬಿಡುತ್ತದೆ. ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ಹಂತಕ್ಕೆ ವಿಶ್ವ ಸರಣಿ ಎಂದು ಹೆಸರು, 2025ರದ್ದು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಟೆಕ್ಸಾಸ್ ಟೆಕ್ ಪರ ಕ್ಯಾನಡಿ ಒಬ್ಬಳೇ ಎಸೆಯುತ್ತ ಬಂದಳು. ಫೈನಲ್‌ನ ನಿರ್ಣಾಯಕ ಮೂರನೇ ಮ್ಯಾಚಿನ ಮೊದಲ ಇನ್ನಿಂಗ್ಸ್‌ನಲ್ಲೇ ಟೆಕ್ಸಾಸ್ 5 ರನ್ ಬಾರಿಸಿತು, ಅವಳು ಹೊರಬಂದಳು, ಟೆಕ್ಸಾಸ್ 10–4ರಿಂದ ಪಟ್ಟ ಗೆದ್ದಿತು. ಹಾಗೆಂದು ಆ ಕೋಚ್‌ನನ್ನು ದೂರುವುದೂ ಕಷ್ಟ, ಫೈನಲ್‌ವರೆಗೆ ತಂದದ್ದೂ ಅದೇ ತೋಳು. ಗಟ್ಟಿಯಾದ ಎರಡನೇ ಪಿಚರ್ ಇಲ್ಲದ ತಂಡಕ್ಕೆ ಮೇ ತಿಂಗಳಲ್ಲಿ ಒಳ್ಳೆಯ ಆಯ್ಕೆಯೇ ಉಳಿದಿರುವುದಿಲ್ಲ. ಆ ತೀರ್ಮಾನ ಎರಡು ವರ್ಷ ಹಿಂದೆ, ಆಟಗಾರ್ತಿಯರನ್ನು ಹುಡುಕುವಾಗಲೇ ಆಗಿಹೋಗಿರುತ್ತದೆ.

ಡಿಪಿ, ಫ್ಲೆಕ್ಸ್ ಅನ್ನೋದು ಎಷ್ಟು ಸಲ ಓದಿದ್ರೂ ತಲೆಗೆ ಹತ್ತಲ್ಲ. ಸರಳವಾಗಿ ಹೇಳಿ.

ಪಟ್ಟಿಯಲ್ಲಿ ಹತ್ತು ಹೆಸರು. ಒಂಬತ್ತು ಮಂದಿ ಬ್ಯಾಟ್ ಮಾಡುತ್ತಾರೆ. ಹತ್ತನೆಯವಳು ಫ್ಲೆಕ್ಸ್: ಫೀಲ್ಡಿಂಗ್ ಮಾತ್ರ, ಬಹುತೇಕ ಪಿಚರ್. ಅವಳ ಬದಲು ಬ್ಯಾಟ್ ಮಾಡುವವಳು ಡಿಪಿ. ನೆನಪಿಡಬೇಕಾದ್ದು ಇಷ್ಟು: ಇಬ್ಬರೂ ಒಟ್ಟಿಗೆ ಫೀಲ್ಡಿಂಗ್ ಮಾಡಬಹುದು, ಒಟ್ಟಿಗೆ ಬ್ಯಾಟಿಂಗ್ ಸರದಿಯಲ್ಲಿ ಇರುವಂತಿಲ್ಲ. ಫ್ಲೆಕ್ಸ್ ಬ್ಯಾಟ್ ಅಥವಾ ಓಟಕ್ಕೆ ಬರುವುದಾದರೆ ಡಿಪಿಯ ಜಾಗಕ್ಕೇ ಬರಬೇಕು. ಆಗ ಡಿಪಿ ಹೊರಗೆ, ತಂಡ ಒಂಬತ್ತಕ್ಕೆ ಇಳಿಯುತ್ತದೆ. ಡಿಪಿ ಬೇರೊಬ್ಬಳ ಬದಲು ಫೀಲ್ಡ್ ಮಾಡಿದರೆ ಆ ಬೇರೊಬ್ಬಳು ಬ್ಯಾಟಿಂಗ್‌ಗೆ ಉಳಿಯುತ್ತಾಳೆ. ಮೊದಲು ಆಡಲಿಳಿದವರು ಹೊರಗೆ ಹೋದರೆ ಒಂದು ಸಲ ಮರಳಬಹುದು, ತಮ್ಮದೇ ಸ್ಥಾನಕ್ಕೆ.

ಎಡವಟ್ಟಾಗುವುದು ನಿಯಮ ಗೊತ್ತಿಲ್ಲದ್ದರಿಂದಲ್ಲ, ಅಂಪೈರಿಗೆ ಹೇಳುವುದು ಮರೆತದ್ದರಿಂದ. ಒಬ್ಬ ಸಹಾಯಕಿಗೆ ಆ ಹೆಸರುಪಟ್ಟಿಯ ಕಾರ್ಡಿನದ್ದೇ ಕೆಲಸ ಕೊಡಿ. ಎದುರಾಳಿಯ ಡಗೌಟಿನಲ್ಲಿ ಪೆನ್ನು ಹಿಡಿದು ಕಾಯುತ್ತಿರುವವರು ಇದ್ದೇ ಇರುತ್ತಾರೆ.

ಯಾವ ಎಸೆತ ಹಾಕಬೇಕು ಅಂತ ಯಾರು ಹೇಳೋದು?

ಬಹುತೇಕ ಡಗೌಟಿನಿಂದ ಕೋಚೇ. ಮೂರಂಕಿ ಕೂಗುತ್ತಾರೆ, ಪಿಚರ್ ಮತ್ತು ಕ್ಯಾಚರ್ ಮಣಿಕಟ್ಟಿನ ಪಟ್ಟಿಯಲ್ಲಿ ಆ ಸಂಖ್ಯೆಗೆ ಯಾವ ಎಸೆತ ಎಂದು ನೋಡಿಕೊಳ್ಳುತ್ತಾರೆ. ಈಗ ಎಲೆಕ್ಟ್ರಾನಿಕ್ ಪಟ್ಟಿಗಳೂ ಬಂದಿವೆ. ಹೆಡ್ ಕೋಚ್ ಅನೇಕ ಸಲ ಮೂರನೇ ಬೇಸಿನ ಪಕ್ಕ ನಿಂತು ಓಟಗಾರ್ತಿಯನ್ನು ರನ್ ಪೂರೈಸಲು ಹೋಮ್ ಪ್ಲೇಟಿಗೆ ಕಳಿಸುವ, ತಡೆಯುವ ತೀರ್ಮಾನ ತಾವೇ ಮಾಡುತ್ತಾರೆ.

ಮಳೆ ನಿಂತ ಮೇಲೂ ಗಂಟೆಗಟ್ಟಲೆ ಯಾಕೆ ಕಾಯ್ತಾರೆ? ನೀರು ಗುಡಿಸಿ ಹಾಕಿದ್ರೆ ಆಗಲ್ವಾ?

ಗುಡಿಸಲೇಬಾರದು. ಒಳ ಮೈದಾನ ಪೂರ್ತಿ ಮಣ್ಣು. ನಿಂತ ನೀರನ್ನು ಪೊರಕೆಯಿಂದ ಹುಲ್ಲಿನ ಕಡೆ ತಳ್ಳಿದರೆ ನೀರಿನ ಜೊತೆ ಸಣ್ಣ ಮಣ್ಣೂ ಹೋಗಿ ಹುಲ್ಲಿನ ಅಂಚಿನಲ್ಲಿ ಕೂರುತ್ತದೆ. ವರ್ಷ ಕಳೆಯುವುದರೊಳಗೆ ಅಲ್ಲೊಂದು ದಿಬ್ಬವಾಗುತ್ತದೆ. ಆ ದಿಬ್ಬಕ್ಕೆ ತಾಗಿದ ಚೆಂಡು ಎಗರಿ ಫೀಲ್ಡರ್‌ನ ಮುಖಕ್ಕೆ ಬರುತ್ತದೆ. ಮೊದಲನೇ, ಮೂರನೇ ಬೇಸಿನ ಹುಡುಗಿಯರು, ಪಿಚರ್‌ಗಳು ಮುಖಕ್ಕೆ ಜಾಲರಿ ಹಾಕುವುದನ್ನು ನೋಡಿರಬಹುದು.

ಸರಿಯಾದ ಕ್ರಮ: ಹೊಂಡದ ನೀರನ್ನು ಸ್ಪಂಜಿನ ದಿಂಬಿನಿಂದ ಹೀರಿಸಿ ಬಕೆಟ್ಟಿಗೆ ಹಿಂಡುವುದು. ಮೇಲ್ಮೈಯನ್ನು ಹಲ್ಲಿನ ಕುಂಟೆಯಿಂದ ಅರ್ಧ ಇಂಚು ಕೆರೆದು ಗಾಳಿ ಬಿಡುವುದು. ಆಮೇಲೆ ಸುಟ್ಟ ಜೇಡಿಮಣ್ಣಿನ ಹರಳನ್ನು ತೆಳ್ಳಗೆ ಚೆಲ್ಲಿ, ಹತ್ತು ನಿಮಿಷ ಬಿಟ್ಟು, ಎಳೆದು ಬೆರೆಸುವುದು. ಆತುರಕ್ಕೆ ಚೀಲಗಟ್ಟಲೆ ಸುರಿದರೆ ಆ ದಿನ ಒಣಗುತ್ತದೆ, ಮರುದಿನ ಬಿಸಿಲಿಗೆ ಜಾಗ ಪುಡಿಪುಡಿಯಾಗಿ ಕಾಲು ಜಾರುತ್ತದೆ.

ವೇಳಾಪಟ್ಟಿ ಹಾಕೋದರಲ್ಲಿ ಏನು ಮಹಾ ಜಾಣತನ?

ರಾಷ್ಟ್ರೀಯ ಟೂರ್ನಮೆಂಟಿಗೆ 64 ತಂಡ. ಲೀಗ್ ಗೆದ್ದವರಿಗೆ ನೇರ ಪ್ರವೇಶ, ಉಳಿದವರನ್ನು ಸಮಿತಿ ಆರಿಸುತ್ತದೆ. ಸಮಿತಿಯ ಕೈಯಲ್ಲಿರುವ ಮುಖ್ಯ ಅಂಕಿಗಳಲ್ಲಿ ಆರ್‌ಪಿಐ ಒಂದು: ನಿಮ್ಮ ಗೆಲುವಿನ ಪ್ರಮಾಣಕ್ಕೆ 25 ಶೇಕಡ, ಎದುರಾಳಿಗಳ ಗೆಲುವಿಗೆ 50, ಎದುರಾಳಿಗಳ ಎದುರಾಳಿಗಳ ಗೆಲುವಿಗೆ 25. ಅಂದರೆ ಮುಕ್ಕಾಲು ಪಾಲು ನೀವು ಆಡಿದ್ದು ಯಾರ ಮೇಲೆ ಎಂಬುದರ ಮೇಲೆ ನಿಂತಿದೆ. ದುರ್ಬಲ ತಂಡಗಳನ್ನು ಬಡಿದು 40 ಗೆಲುವು ಕೂಡಿಸಿದವರು ಮನೆಯಲ್ಲಿ ಕೂರುವುದುಂಟು. ಕ್ಯಾಲಿಫೋರ್ನಿಯಾದ ಕ್ಯಾಥೆಡ್ರಲ್ ಸಿಟಿ, ಫ್ಲೋರಿಡಾದ ಕ್ಲಿಯರ್‌ವಾಟರ್‌ನಲ್ಲಿ ಫೆಬ್ರವರಿಯ ಕೂಟಗಳಿಗೆ ಕರೆ ಬರಲಿ ಎಂದು ಕೋಚ್‌ಗಳು ಹಾತೊರೆಯುವುದು ಇದಕ್ಕೇ. ಮೊದಲ 16 ಸ್ಥಾನದವರಿಗೆ ಮೊದಲ ಸುತ್ತು ತಮ್ಮದೇ ಮೈದಾನದಲ್ಲಿ. ಅಲ್ಲಿಂದ ಸೂಪರ್ ರೀಜನಲ್ ಎಂಬ ಎರಡನೇ ಸುತ್ತು, ಕೊನೆಗೆ ಎಂಟು ತಂಡ ಓಕ್ಲಹೋಮಾ ಸಿಟಿಗೆ. 1990ರಿಂದ ವಿಶ್ವ ಸರಣಿ ಅಲ್ಲೇ, 1996 ಒಂದು ವರ್ಷ ಬಿಟ್ಟು.

## ವೃತ್ತಿಯ ಮುಂದಿನ ಹಂತ

ಸೋತರೆ ಮಾತ್ರ ಕೆಲಸ ಹೋಗುತ್ತಾ?

ಸೋಲು ಒಂದು ಕಾರಣ, ಒಂದೇ ಅಲ್ಲ. ಹುಡುಗಿಯರು ಓದಿನಲ್ಲಿ ಹಿಂದೆ ಬಿದ್ದರೂ ಕುತ್ತು. ಪದವಿಯ 40 ಶೇಕಡ ಎರಡನೇ ವರ್ಷದ ಕೊನೆಗೆ, 60 ಮೂರನೆಯದಕ್ಕೆ, 80 ನಾಲ್ಕನೆಯದಕ್ಕೆ ಮುಗಿಸದವಳು ಆಡುವಂತಿಲ್ಲ. ತಂಡದ ಓದಿನ ಸೂಚ್ಯಂಕ ನಾಲ್ಕು ವರ್ಷದ ಸರಾಸರಿಯಲ್ಲಿ 930ಕ್ಕಿಂತ ಇಳಿದರೆ ತಂಡಕ್ಕೇ ಟೂರ್ನಮೆಂಟು ಇಲ್ಲ. ಬೈಗುಳ, ಗಾಯಗೊಂಡವಳನ್ನು ಆಡಿಸುವುದು, ಊಟ ಮತ್ತು ತೂಕದ ಬಗ್ಗೆ ಚುಚ್ಚುಮಾತು, ಇವಕ್ಕೆ ಹಿಂದೆ ಕಣ್ಣು ಮುಚ್ಚುತ್ತಿದ್ದ ಕಾಲೇಜುಗಳು ಈಗ ವಿಚಾರಣೆ ನಡೆಸುತ್ತವೆ. ಗಾಯದ ವಿಷಯದಲ್ಲಿ ಕೊನೆಯ ಮಾತು ವೈದ್ಯರದು, ಕೋಚ್‌ದಲ್ಲ.

ಈ ಕೆಲಸದಲ್ಲಿ ಎಷ್ಟು ವರ್ಷ ಇರಬಹುದು?

ಗಟ್ಟಿಗರು ಮೂರೂವರೆ ದಶಕ ಇದ್ದಿದ್ದಾರೆ. ಹಚಿನ್ಸ್ ಮಿಶಿಗನ್‌ನಲ್ಲಿ 1985ರಿಂದ 2022ರವರೆಗೆ, ಇಡೀ ವೃತ್ತಿಯಲ್ಲಿ ಒಟ್ಟು 1,707 ಗೆಲುವು. ಕ್ಯಾಂಡ್ರಿಯಾ ಅರಿಝೋನಾದಲ್ಲಿ 1986ರಿಂದ 2021ರವರೆಗೆ, 1,674. ಗ್ಯಾಸೊ 2021ರಿಂದ 2024ರವರೆಗೆ ಸತತ ನಾಲ್ಕು ಪಟ್ಟ ಗೆದ್ದರು, ಅದು ಬೇರೆ ಯಾರೂ ಮಾಡದ್ದು. ಆದರೆ ಇವರನ್ನು ನೋಡಿ ವೃತ್ತಿ ಅಳೆಯಬೇಡಿ. ಸಹಾಯಕಿಯರಾಗಿದ್ದಾಗಲೇ, ಮಕ್ಕಳು ಹುಟ್ಟಿದ ಮೇಲೆ ಬೇಸಿಗೆಯ ಅಲೆದಾಟ ಸಾಧ್ಯವಾಗದೆ ಬಿಟ್ಟವರ ಸಂಖ್ಯೆ ದಾಖಲೆ ಪುಸ್ತಕದಲ್ಲಿ ಸಿಗುವುದಿಲ್ಲ.

ಒಲಿಂಪಿಕ್ಸ್ ತಂಡಕ್ಕೂ ಇವರೇ ಕೋಚ್ ಆಗ್ತಾರಾ?

ಆಗಿದ್ದಾರೆ. ಕ್ಯಾಂಡ್ರಿಯಾ 2004ರಲ್ಲಿ ಚಿನ್ನ, 2008ರಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದ ಕೋಚ್. ಆ ಎರಡೂ ವರ್ಷ ಕಾಲೇಜಿನಿಂದ ರಜೆ ಪಡೆದಿದ್ದರು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ನಡೆಯುವುದು ಓಕ್ಲಹೋಮಾ ಸಿಟಿಯ ಆ ಹಳೇ ವಿಶ್ವ ಸರಣಿ ಮೈದಾನದಲ್ಲೇ.

ಬೆಂಗಳೂರಲ್ಲಿ ಬಿ.ಪಿ.ಎಡ್. ಮಾಡಿದೀನಿ, ಅಂತರ ವಿಶ್ವವಿದ್ಯಾಲಯ ಸಾಫ್ಟ್‌ಬಾಲ್ ಆಡಿದೀನಿ. ಅಲ್ಲಿ ಕೋಚ್ ಆಗೋಕೆ ಆಗುತ್ತಾ?

ನೇರವಾಗಿ ಹೆಡ್ ಕೋಚ್ ಆಗುವುದು ಅಸಾಧ್ಯಕ್ಕೆ ಹತ್ತಿರ. ಮಾಡಬಹುದಾದ್ದು, ಕ್ರೀಡಾ ಆಡಳಿತ ಅಥವಾ ವ್ಯಾಯಾಮ ವಿಜ್ಞಾನದಲ್ಲಿ ಅಲ್ಲಿ ಸ್ನಾತಕೋತ್ತರ ಓದಿಗೆ ಸೇರಿ, ಆ ಕಾಲೇಜಿನ ತಂಡದಲ್ಲೇ ಮ್ಯಾನೇಜರ್ ಅಥವಾ ಗ್ರಾಜುಯೇಟ್ ಅಸಿಸ್ಟೆಂಟ್ ಜಾಗ ಕೇಳುವುದು. ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ, ಅದನ್ನು ಮೊದಲೇ ಹೇಳಿಬಿಡಿ. ಒಳಗೆ ಕಾಲಿಡಲು ಸುಲಭದ ಬಾಗಿಲು ವಿಡಿಯೋ ಮತ್ತು ಅಂಕಿಅಂಶದ ಕೆಲಸ. ಪ್ರತಿ ಎಸೆತದ ವೇಗ, ತಿರುಗುವಿಕೆ ಅಳೆಯುವ ಯಂತ್ರಗಳು ಬಂದಿವೆ, ಆ ರಾಶಿಯನ್ನು ಗುರುವಾರ ರಾತ್ರಿಯೊಳಗೆ ಒಂದು ಪುಟಕ್ಕೆ ಇಳಿಸಿಕೊಡುವವರು ಎಲ್ಲ ತಂಡಕ್ಕೂ ಬೇಕು. ಓದು ಮುಗಿದ ಮೇಲೆ ಕಾಲೇಜೇ ಕೆಲಸ ಕೊಟ್ಟರೆ ಎಚ್-1ಬಿ ಲಾಟರಿಯ ಮಿತಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದಿಲ್ಲ. ಕೋಚ್‌ಗೆ ಬರೆಯುವಾಗ ನಿಮ್ಮ ಪದಕಗಳ ಪಟ್ಟಿಗಿಂತ, ಅವರದೇ ತಂಡದ ಕಳೆದ ವರ್ಷದ ಮೂರು ಮ್ಯಾಚು ನೋಡಿ ಮಾಡಿದ ಒಂದು ಪುಟದ ಎಸೆತಗಳ ಪಟ್ಟಿ ಲಗತ್ತಿಸಿ.